ಸ್ವಾಮಿಯ ಕೈಯಲ್ಲಿದ್ದ ಕಾಗದ

ಚೆನ್ನೈಯಲ್ಲಿ ನೆಲೆಸಿದ ನಾವು ಏಳೆಂಟು ಮಂದಿ ಕನ್ನಡಿಗರು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಒಂದು ಸಣ್ಣಕತೆ ಓದುತ್ತೇವೆ. ಈಚೆಗೆ ಓದಿದ್ದು ಆರ್.ಕೆ. ನಾರಾಯಣರ ‘ಫಾದರ್ಸ್ ಹೆಲ್ಪ್’. ಶಂಕರನಾಗ್ ಆಗುಂಬೆಯಲ್ಲಿ ತೆಗೆದ ಧಾರಾವಾಹಿ ನೋಡಿದವರಿಗೆ ಸ್ವಾಮಿ ಗೊತ್ತೇ ಇದ್ದಾನೆ.

ತಡವಾಗಿ ಹೋದರೆ ಸ್ಯಾಮ್ಯುಯೆಲ್ ಮೇಷ್ಟ್ರು ಹೊಡೀತಾರೆ ಅಂತ ಸ್ವಾಮಿ ಹೇಳಿದ್ದಕ್ಕೆ, ಅಪ್ಪ ಹೆಡ್‌ಮಾಸ್ಟರಿಗೆ ದೂರಿನ ಕಾಗದ ಬರೆದು ಅವನ ಕೈಯಲ್ಲೇ ಕೊಟ್ಟು ಕಳಿಸುತ್ತಾರೆ. ಮೇಷ್ಟ್ರು ಅಂಥ ಕೆಟ್ಟವರೇನಲ್ಲ. ದೂರು ನಿಜವಾಗಲಿ ಅಂತ ಹುಡುಗನೇ ಅವರನ್ನು ಕೆಣಕಿ ಏಟು ತಿನ್ನುತ್ತಾನೆ. ನೋಡಿದರೆ ಹೆಡ್‌ಮಾಸ್ಟರು ರಜೆ. ಕಾಗದ ತಗೋಬೇಕಾದ ಅಸಿಸ್ಟೆಂಟ್ ಹೆಡ್‌ಮಾಸ್ಟರು ಅದೇ ಸ್ಯಾಮ್ಯುಯೆಲ್!

ಎಲ್ಲರೂ ನಕ್ಕೆವು. ಶಿವಮೊಗ್ಗ ಕಡೆಯವರೊಬ್ಬರು, “ಬೆತ್ತ ಇಲ್ಲದ ಮಿಡ್ಲ್‌ಸ್ಕೂಲು ನಾನು ಕಂಡೇ ಇಲ್ಲ” ಅಂದರು. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳಿಗೆ ಇದು ನಗುವ ವಿಷಯ ಅನ್ನಿಸಲಿಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆಯಲ್ಲ ಅಂದಳು. ಬಳ್ಳಾರಿ ಕಡೆಯ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು: “ನಮ್ಮಪ್ಪನಿಗೆ ಹೆಬ್ಬೆಟ್ಟು ಒತ್ತೋದು ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ನನ್ನ ಪರವಾಗಿ ಕಾಗದ ಯಾರು ಬರೀಬೇಕಿತ್ತು?”

ಶಾಲೆಯ ಹಾಜರಿ ಪುಸ್ತಕದಲ್ಲಿ ಯಾರು ಬಂದರು, ಯಾರು ಬರಲಿಲ್ಲ ಅನ್ನೋದಿರುತ್ತದೆ. ಯಾವ ಹುಡುಗನ ಬೆನ್ನಿಗೆ ಕಾಗದ ಬರೆಯಬಲ್ಲ ಅಪ್ಪನಿದ್ದ ಅನ್ನೋದು ಇರುವುದಿಲ್ಲ. ಬ್ಯಾಂಕಿನ ಲೆಡ್ಜರೂ ಹಾಗೇ. ಮೊತ್ತ ಇರುತ್ತದೆ, ಮನುಷ್ಯನ ಅಂಜಿಕೆ ಇರುವುದಿಲ್ಲ. ಅದನ್ನು ಉಳಿಸುವುದು ಇಂಥ ಕತೆಗಳು.

1906ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ನಾರಾಯಣರು ಇಲ್ಲಿನ ಪುರಸವಾಕ್ಕಂನಲ್ಲಿ ಅಜ್ಜಿಯ ಬಳಿ ಬೆಳೆದವರು; ಓದಿದ್ದು ಲುಥೆರನ್ ಮಿಷನ್ ಶಾಲೆಯಲ್ಲಿ. ಅಪ್ಪ ಮೈಸೂರು ಸಂಸ್ಥಾನದ ಶಾಲೆಗಳಲ್ಲಿ ಹೆಡ್‌ಮಾಸ್ಟರು. ಅಂದರೆ, ಹೆಡ್‌ಮಾಸ್ಟರರ ಮಗನೇ ಅಪ್ಪನಿಂದ ದೂರವಿದ್ದು ಬೇರೆಯವರ ಬೆತ್ತದ ಕೆಳಗೆ ಓದಿದ!

ನಮ್ಮಂಥ ವಲಸಿಗರಿಗೆ ಈ ಕತೆ ಇನ್ನೊಂದು ಕಡೆಯಿಂದಲೂ ತಾಕುತ್ತದೆ. 1985ರಲ್ಲಿ ನನಗೆ ಇಲ್ಲಿಗೆ ವರ್ಗವಾದಾಗ ಮಗಳ ಡೈರಿಯಲ್ಲಿ ಟೀಚರು ತಮಿಳಿನಲ್ಲಿ ಬರೆದು ಕಳಿಸುತ್ತಿದ್ದರು. ನಮಗೆ ಒಂದಕ್ಷರ ಬಾರದು. ಅವಳು ಓದಿ ಹೇಳಿದ್ದೇ ನಮಗೆ ಸತ್ಯ. ದೊಡ್ಡವರ ಕಾಗದ ಹೊತ್ತ ಮಗುವಿನ ಭಾರ ಎಷ್ಟೆಂಬುದು ಪರವೂರಿಗೆ ಬಂದ ಅಪ್ಪ ಅಮ್ಮಂದಿರಿಗೆ ಚೆನ್ನಾಗಿ ಗೊತ್ತು.