ದಮ್ಮ ಐತಿ

ಬನಹಟ್ಟಿಯ ಬಯಲಿನಲ್ಲಿ ಹೊನಲು ಬೆಳಕಿನ ಕಬಡ್ಡಿ ನಡೆದಿತ್ತು. ರಾತ್ರಿ ಹನ್ನೊಂದು ದಾಟಿತ್ತು. ಬೀಳಗಿ ಕಡೆಯ ತಂಡದ ಹುಡುಗನೊಬ್ಬ ನಡುಗೆರೆ ದಾಟಿ ಒಳಗೆ ಹೋದ. ಹದಿನೆಂಟು ತುಂಬಿರಲಿಕ್ಕಿಲ್ಲ, ತೋಳಿನಲ್ಲಿ ಹೇಳಿಕೊಳ್ಳುವಂಥ ಕಸುವೂ ಕಾಣುತ್ತಿರಲಿಲ್ಲ. ಮೂವರು ಸುತ್ತುಗಟ್ಟಿದರು. ಒಬ್ಬ ಕಾಲಿಗೆ ಬಿದ್ದ, ಇನ್ನೊಬ್ಬ ಸೊಂಟ ತಬ್ಬಿದ. ಹುಡುಗ ಬಾಯಲ್ಲಿಯ 'ಕಬಡ್ಡಿ ಕಬಡ್ಡಿ' ಬಿಡದೆ, ಮಣ್ಣಿನಲ್ಲಿ ಮೊಳದಷ್ಟು ತೆವಳಿ, ಗೆರೆಗೆ ಬೆರಳು ತಾಗಿಸಿಯೇ ಬಿಟ್ಟ. ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದ ಹಿರಿಯರು ತೊಡೆ ಬಡಿದುಕೊಂಡರು: "ಮೈ ಇಲ್ಲ ಖರೆ, ಹುಡುಗಗ ದಮ್ಮ ಐತಿ ನೋಡೋ ತಮ್ಮಾ!"

ಮರುದಿನ ಮುಂಜಾನೆ ಪಕ್ಕದ ಮನೆಯ ಅಕ್ಕ ಬಾಗಿಲಿಗೆ ಬಂದು ಕೇಳಿದಳು: "ಯಾಕ್ರೀ ಅತ್ತಿ, ಮಾಮಾ ಎರಡ ದಿನಾ ಆತು ಕಟ್ಟಿ ಮ್ಯಾಲ ಕಾಣವಲ್ರು?" ಅವ್ವ ಒಳಗಿನಿಂದಲೇ ಹೇಳಿದಳು: "ಅವರಿಗೆ ದಮ್ಮ ಐತೆವಾ. ಥಂಡಿ ಗಾಳ್ಯಾಗ ಹೊರಗ ಬಿಡಂಗಿಲ್ಲ."

ಎಂಟು ತಾಸಿನೊಳಗೆ ಒಂದೇ ಮಾತು ಎರಡು ಸಲ ನನ್ನ ಕಿವಿಗೆ ಬಿತ್ತು. ಹುಡುಗನಿಗೂ ದಮ್ಮು ಇದೆ, ಅಪ್ಪನಿಗೂ ದಮ್ಮು ಇದೆ. ಶಬ್ದ ಅದೇ, ಕ್ರಿಯಾಪದ ಅದೇ, ವಿಭಕ್ತಿಯೂ ಅದೇ. ಹುಡುಗನಿಗೆ ಅದು ಬಿರುದು, ಅಪ್ಪನಿಗೆ ಬೇನೆ. ನಮ್ಮ ಕಡೆ ಇದರಿಂದ ಯಾರಿಗೂ ಗೊಂದಲವಾಗುವುದಿಲ್ಲ. ಹೇಳುವವರ ದನಿ ಏರಿತೋ ಇಳಿಯಿತೋ ಅನ್ನುವುದರಲ್ಲೇ ಅರ್ಥ ತಿಳಿದುಹೋಗುತ್ತದೆ. ಅಂದಿನಿಂದ ಈ ಶಬ್ದ ನನ್ನ ಬೆನ್ನು ಬಿಟ್ಟಿಲ್ಲ.

ದಮ್ ಅಂದರೆ ಪಾರ್ಸಿಯಲ್ಲಿ ಉಸಿರು. ಒಂದು ಉಸಿರಿನಷ್ಟು ಹೊತ್ತಿಗೂ ಅದೇ ಹೆಸರು. ನಾವು ದಿನಕ್ಕೆ ಹತ್ತು ಸಲ ಅನ್ನುವ 'ಏಕದಮ್' ಅಂದರೆ ಒಂದೇ ಉಸಿರಿನಲ್ಲಿ. ವಿಜಾಪುರದ ಆದಿಲಶಾಹಿಗಳ ಕಾಲದಲ್ಲಿ ದಖನಿ ಮಾತಿನ ಜೊತೆ ಇಂಥ ಶಬ್ದಗಳು ಈ ಸೀಮೆಗೆ ಧಾರಾಳವಾಗಿ ಬಂದವು. ಆಮೇಲೆ ಜಮಖಂಡಿಯನ್ನು ಪಟವರ್ಧನರು, ಮುಧೋಳವನ್ನು ಘೋರ್ಪಡೆಯವರು ಆಳಿದರು. ಮರಾಠಿಯ ಬಾಯಲ್ಲಿ ಉಳಿದಿದ್ದ ಪಾರ್ಸಿ ಇನ್ನೊಂದು ದಾರಿಯಿಂದ ನಮ್ಮ ಮನೆ ಸೇರಿತು. ಗರಡಿಯೊಳಗೆ ಹೋಗಿ ನಿಂತರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಗರಡಿ ನಮ್ಮದು, ಜಟ್ಟಿ ನಮ್ಮವನು. ಕುಸ್ತಿ, ಪೈಲ್ವಾನ, ಉಸ್ತಾದ, ದಮ್ಮು ಇವೆಲ್ಲ ಪಾರ್ಸಿಯ ಮಕ್ಕಳು. ಕೆಮ್ಮಣ್ಣಿನಲ್ಲಿ ಹೊರಳಾಡಿದ ಮೇಲೆ ಯಾರ ಮೈ ಯಾವ ಬಣ್ಣದ್ದೆಂದು ಹೇಳಲಾಗುವುದಿಲ್ಲ, ಹಾಗೆಯೇ ಈ ಶಬ್ದಗಳೂ ಕನ್ನಡವಾಗಿ ಹೋಗಿವೆ. ಮರಾಠಿಯವರು ಕಸುವಿಗೆ 'ದಮ', ರೋಗಕ್ಕೆ 'ದಮಾ' ಎಂದು ಒಂದು ದೀರ್ಘದ ಗೋಡೆ ಎಬ್ಬಿಸಿಕೊಂಡಿದ್ದಾರೆ. ನಾವು ಎರಡನ್ನೂ ಒಂದೇ ಕೋಣೆಯಲ್ಲಿ ಇಟ್ಟೆವು.

ಆ ಕೋಣೆಯಲ್ಲಿ ಇನ್ನೂ ಹಲವರಿದ್ದಾರೆ. ಓಡಿ ಬಂದವನಿಗೆ ದಮ್ಮ ಹತ್ತುತ್ತದೆ. ಅವಸರ ಮಾಡುವವನಿಗೆ "ಜರಾ ದಮ್ಮ ಹಿಡಿ" ಅನ್ನುತ್ತೇವೆ, ಅಂದರೆ ತಾಳು. ಬಿರಿಯಾನಿಯ ಪಾತ್ರೆಯ ಬಾಯಿಗೆ ಕಣಕ ಮೆತ್ತಿ ಹಬೆಯನ್ನು ಒಳಗೇ ಕಟ್ಟಿಹಾಕುವುದೂ ದಮ್ಮೇ. ಬೀಳಗಿ ಕಡೆಯ ಜಾತ್ರೆಗಳ ತೆರಬಂಡಿಯಲ್ಲಿ, ಗಾಲಿ ತಿರುಗದಂತೆ ಬಿಗಿದ ಬಂಡಿಯನ್ನು ಎಳೆಯುವ ಎತ್ತುಗಳಿಗೂ ಜನ ದಮ್ಮಿನ ಲೆಕ್ಕವನ್ನೇ ಹಚ್ಚುತ್ತಾರೆ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ಕಲ್ಲು ಮಣ್ಣು ಹೊತ್ತು, 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರಲ್ಲ, ಅದರ ಮಾತು ಬಂದಾಗಲೆಲ್ಲ ಹಿರಿಯರು "ದಮ್ಮ ಇದ್ದ ಮಂದಿ" ಅನ್ನುತ್ತಾರೆ. ಮುಂದೆ ನಿಂತು ಕಟ್ಟಿಸಿದ ಸಿದ್ದು ನ್ಯಾಮಗೌಡರು 1991ರಲ್ಲಿ ಬಾಗಲಕೋಟೆ ಲೋಕಸಭೆ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದ್ದು ಈ ಸೀಮೆಗೆಲ್ಲ ಗೊತ್ತು.

ಒಂದು ಬಳಕೆಯನ್ನು ಮಾತ್ರ ನನ್ನಿಂದ ಸಹಿಸಲಾಗುವುದಿಲ್ಲ. ಬೀಡಿಯನ್ನು ಜಗ್ಗಿ ಎಳೆಯುವುದಕ್ಕೂ ನಾವು "ಒಂದ ದಮ್ಮ ಹೊಡಿ" ಅನ್ನುತ್ತೇವೆ. ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿ ನಮಗೆ ದೂರವೇನಲ್ಲ, ಆ ಬೆಳೆಯ ಘಾಟು ಈ ಶಬ್ದಕ್ಕೂ ಹತ್ತಿದೆ. ದಮ್ಮನ್ನು ಮುಕ್ಕಿ ತಿನ್ನುವ ವಸ್ತುವಿಗೆ ದಮ್ಮಿನ ಹೆಸರನ್ನೇ ಕೊಟ್ಟೆವಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾಗಾದರೆ ಕನ್ನಡದ ಸ್ವಂತ 'ಉಸಿರು' ಎಲ್ಲಿ ಹೋಯಿತು? ಅದು ಮಾತಿನ ಕಡೆ ಹೋಯಿತು. ಹಳೆಯ ಕಾವ್ಯಗಳಲ್ಲಿ 'ಉಸಿರು' ಅಂದರೆ ಹೇಳು, ನುಡಿ. ಇವತ್ತಿಗೂ ಗುಟ್ಟನ್ನು ಕಿವಿಯಲ್ಲಿ 'ಉಸುರುತ್ತೇವೆ'. ಕನ್ನಡಿಗನ ಉಸಿರು ನಾಲಿಗೆಗೆ ಬಂದು ಮಾತಾಯಿತು, ಹೊರಗಿನಿಂದ ಬಂದ ದಮ್ಮು ಎದೆಯಲ್ಲಿ ಕೂತು ಕಸುವಾಯಿತು. ಇವೆರಡೂ ಮುಖಾಮುಖಿಯಾಗುವ ಜಾಗ ಕಬಡ್ಡಿಯ ಅಂಕಣ. ಅಲ್ಲಿ ಉಸಿರು ಉಳಿದಿದೆ ಅನ್ನುವುದಕ್ಕೆ ಬಾಯಿಯ ಮಾತೇ ಸಾಕ್ಷಿ ಹೇಳಬೇಕು. ಮಾತು ತುಂಡಾಯಿತೋ, ಆಟಗಾರ ಹೊರಗೆ. ಓಟಗಾರನೂ ಫುಟ್ಬಾಲಿನವನೂ ಬೇಕಾದಾಗ ಏದುಸಿರು ಬಿಡಬಹುದು. ಉಸಿರನ್ನೇ ನಿಯಮ ಮಾಡಿಕೊಂಡ ಆಟ ನನಗೆ ತಿಳಿದಂತೆ ಇದೊಂದೇ, ಅದಕ್ಕೇ ನಾನು ಇದರ ಹುಚ್ಚು ಹಿಡಿಸಿಕೊಂಡವನು.

ಅಪ್ಪನ ಕಾಲಕ್ಕೆ ಇಲ್ಲಿ ಇದರ ಹೆಸರು 'ಹುತುತು'. ದಮ್ಮು ಇರುವ ತನಕ ಎದುರಿನವರ ಅಂಗಳದಲ್ಲಿ ಇರಬಹುದಿತ್ತು. ಈಗ ಒಂದು ರೇಡಿಗೆ 30 ಸೆಕೆಂಡು. ಗಡಿಯಾರ ಬಂದದ್ದು ತಪ್ಪೆಂದು ನಾನು ಅನ್ನುವುದಿಲ್ಲ, ಆಟ ಅದರಿಂದ ಚುರುಕಾಯಿತು. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಮಗ್ಗದ ಓಣಿಯ ಹುಡುಗರೂ ಟಿವಿಯ ಮುಂದೆ ಕೂತರು. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಗೆದ್ದ ಆ ಫೈನಲಿನಲ್ಲಿ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದ ರಾತ್ರಿ ನಾನೂ ಕುಣಿದವನೇ. ಕೊರಗು ಇರುವುದು ಬೇರೆ ಕಡೆ. ಟಿವಿಯಲ್ಲಿ ಹಾಡು, ಕೂಗು, ವಿವರಣೆಗಳ ನಡುವೆ ರೇಡರನ ದನಿ ಕೇಳಿಸುವುದೇ ಇಲ್ಲ. ಬಯಲಿನ ಆಟದಲ್ಲಿ ಆ ದನಿ ಮೊದಲು ದಪ್ಪಗೆ ಬಂದು, ನಡುವೆ ತೆಳ್ಳಗಾಗಿ, ಕೊನೆಗೆ 'ಬಡ್ಡಿ ಬಡ್ಡಿ' ಎಂದು ಒಣಗುವುದನ್ನು ಕೇಳುತ್ತ ಕೂತರೆ ಕಣ್ಣು ಮುಚ್ಚಿಯೂ ಹೇಳಬಹುದು, ಇವನು ತಿರುಗಿ ಬರುತ್ತಾನೋ ಇಲ್ಲವೋ ಎಂದು. ಕಬಡ್ಡಿಯನ್ನು ಮೊದಲು ಕಿವಿಯಿಂದ ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಗರಡಿಯಲ್ಲಿ ದಮ್ಮಿನ ಪರೀಕ್ಷೆ ಇನ್ನೂ ಕಠಿಣ. ಒಲಿಂಪಿಕ್ಸಿನ ಕುಸ್ತಿ ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡು ಬಿಡುವು. ನಮ್ಮ ಜಾತ್ರೆಯ ನಿಕಾಲಿ ಕುಸ್ತಿಯಲ್ಲಿ ಒಬ್ಬನ ಬೆನ್ನು ಮಣ್ಣಿಗೆ ತಾಗುವ ತನಕ ಬಿಡುಗಡೆ ಇಲ್ಲ. ಮೊದಲ ಐದು ನಿಮಿಷ ಯಾರು ಬೇಕಾದರೂ ಹುಲಿ. ಆಮೇಲೆ ಪಟ್ಟು ಗೊತ್ತಿದ್ದರೂ ಕೈ ಏಳುವುದಿಲ್ಲ. ಅದಕ್ಕೆಂದೇ ಉಸ್ತಾದರು ಬಸಕಿ ಹೊಡೆಸುವಾಗ ಲೆಕ್ಕಕ್ಕಿಂತ ಹೆಚ್ಚಾಗಿ ಬಾಯಿಯ ಮೇಲೆ ಕಣ್ಣಿಟ್ಟಿರುತ್ತಾರೆ. "ಬಾಯಿ ಮುಚ್ಚಲೇ, ಮೂಗಿಲೆ ತಗೋ." ಸುಮ್ಮನೆ ಕೂತಿರುವಾಗ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ, ಒಂದೊಂದು ಸಲಕ್ಕೆ ಸುಮಾರು ಅರ್ಧ ಲೀಟರು ಗಾಳಿ. ಜೋರು ಕಸರತ್ತಿನಲ್ಲಿ ಉಸಿರಿನ ಎಣಿಕೆ 40, 60ಕ್ಕೂ ಏರುತ್ತದೆ. ಕಸರತ್ತು ಮಾಡಿದರೆ ಪುಪ್ಪುಸವೇ ದೊಡ್ಡದಾಗುತ್ತದೆಂದು ನಾನು ಬಹಳ ವರ್ಷ ನಂಬಿದ್ದೆ. ಆದರೆ ನಿಜಕ್ಕೂ ಹಿಗ್ಗುವುದು ಹೆಚ್ಚಾಗಿ ಎದೆಗುಂಡಿಗೆಯ ತಾಕತ್ತು. ಒಂದು ಬಡಿತಕ್ಕೆ ಅದು ಹೆಚ್ಚು ರಕ್ತ ನೂಕಲು ಕಲಿಯುತ್ತದೆ, ಬಂದ ಆಮ್ಲಜನಕವನ್ನು ಸ್ನಾಯುಗಳು ಪೋಲು ಮಾಡದೆ ಬಳಸಲು ಕಲಿಯುತ್ತವೆ. ಹಾಗಾಗಿ ದಮ್ಮು ಬರೀ ಎದೆಯೊಳಗಿನ ಗಾಳಿಯ ಲೆಕ್ಕ ಆಗಲಾರದು. ತೊಡೆ, ಮೀನಖಂಡ, ಗುಂಡಿಗೆ ಎಲ್ಲ ಕೂಡಿ ಹೊಂದಿಕೊಂಡ ಬಾಳುವೆ ಅದು.

ಮುಧೋಳದ ಬೇಟೆ ನಾಯಿ ಸಾಕುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮರಿಯನ್ನು ಎತ್ತಿ ಮೊದಲು ನೋಡುವುದು ಎದೆಯ ಆಳ, ಆಮೇಲೆ ಒಳಸರಿದ ಹೊಟ್ಟೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ಆ ನಾಯಿಯ ಆಕಾರವೇ ಉಸಿರಿಗೆಂದು ಕಡೆದಿಟ್ಟ ಹಾಗಿದೆ.

ಅದೇ ಮುಧೋಳದಲ್ಲಿ, ಆಗಿನ ಮುದುವೊಳಲಿನಲ್ಲಿ, 949ರಲ್ಲಿ ಬಳೆಗಾರರ ಮನೆಯಲ್ಲಿ ರನ್ನ ಹುಟ್ಟಿದ. ಅವನ 'ಗದಾಯುದ್ಧ'ದಲ್ಲಿ ದುರ್ಯೋಧನ ವೈಶಂಪಾಯನ ಸರೋವರದ ನೀರಿನೊಳಗೆ ಮಂತ್ರಬಲದಿಂದ ಅಡಗಿ ಕೂತಿರುತ್ತಾನೆ. ದಡದ ಮೇಲಿನಿಂದ ಭೀಮನ ಗರ್ಜನೆ ಕೇಳಿ ನೀರಿನೊಳಗಿದ್ದೂ ಬೆವರುತ್ತಾನೆ. ಎದ್ದು ಬರುತ್ತಾನೆ. ರನ್ನನಿಗೆ 'ದಮ್ಮು' ಎಂಬ ಶಬ್ದ ಗೊತ್ತಿರಲಿಲ್ಲ, ಪಾರ್ಸಿ ಇನ್ನೂ ಇತ್ತ ಬಂದಿರಲಿಲ್ಲ. ಆದರೆ ಘಟಪ್ರಭೆಯ ಮಡುವಿನಲ್ಲಿ ಮುಳುಗು ಹಾಕಿ, ಮೇಲಿದ್ದವರಿಂದ ಎಣಿಸಿಕೊಂಡು, ಎದೆ ಸೀಳುವಂತಾದಾಗ ಚಿಮ್ಮಿ ಬರುವ ಮುಧೋಳದ ಹುಡುಗರನ್ನು ಕಂಡಾಗಲೆಲ್ಲ, ಆ ಸರೋವರದ ಚಿತ್ರ ಕವಿಗೆ ಈ ಊರ ಹೊಳೆಯಲ್ಲೇ ಸಿಕ್ಕಿರಬೇಕೆಂದು ನನಗೆ ಅನ್ನಿಸುತ್ತದೆ.

ಈಗ ಅಪ್ಪನ ದಮ್ಮು.

ರಬಕವಿ-ಬನಹಟ್ಟಿ ಮಗ್ಗದ ಊರು. ಓಣಿಗೆ ಕಾಲಿಟ್ಟರೆ ಪಾವರಲೂಮಿನ ಸಪ್ಪಳಕ್ಕೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಅಪ್ಪ ನಲವತ್ತು ವರ್ಷ ಒಂದು ಶೆಡ್ಡಿನಲ್ಲಿ ಸೀರೆ ನೇಯ್ದ. ಸಂಜೆ ಮನೆಗೆ ಬಂದರೆ ಹುಬ್ಬಿನ ಮೇಲೆ, ಕಿವಿಯ ಕೂದಲಿನ ಮೇಲೆ ಬೆಳ್ಳನೆಯ ನೂಲಿನ ಧೂಳು ಕೂತಿರುತ್ತಿತ್ತು. ಚಿಕ್ಕಂದಿನಲ್ಲಿ ನಾವು ಅದನ್ನು ಊದಿ ಹಾರಿಸಿ ಆಡುತ್ತಿದ್ದೆವು. ಶೆಡ್ಡಿನ ಕಿಟಕಿ ತೆರೆದರೆ ಗಾಳಿಗೆ ನೂಲು ಹರಿಯುತ್ತದೆಂದು ಮುಚ್ಚಿಯೇ ಇಡುತ್ತಿದ್ದರು. ಮೂಗಿಗೆ ಕಟ್ಟಿಕೊಳ್ಳಲು ಒಂದು ಬಟ್ಟೆ ಕೊಟ್ಟವರಿಲ್ಲ, ಊರ ತುಂಬ ಬಟ್ಟೆಯೇ ನೇಯುತ್ತಿದ್ದರೂ. ಹತ್ತಿಯ ಧೂಳಿನಿಂದ ಬರುವ ಎದೆರೋಗಕ್ಕೆ ವೈದ್ಯರು ಬಿಸಿನೋಸಿಸ್ ಅನ್ನುತ್ತಾರೆ. ಗಿರಣಿ ಕಾರ್ಖಾನೆಗಳ ಕಾಯಿದೆಯ ಪಟ್ಟಿಯಲ್ಲಿ ಅದರ ಹೆಸರಿದೆ. ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನವೇ ಎದೆ ಹೆಚ್ಚು ಬಿಗಿಯುವುದು ಅದರ ಗುರುತು. ಅಪ್ಪನದು ಅದೇ ಎಂದು ಯಾರೂ ಬರೆದುಕೊಟ್ಟಿಲ್ಲ. ಧೂಳು, ಬೀಡಿ, ಹುಟ್ಟುಗುಣ ಮೂರೂ ಕೂಡಿವೆ ಎಂದು ಡಾಕ್ಟರು ಹೇಳಿದರು. ನನಗೆ ಆ ಮಾತು ಕೇಳುವಾಗ ಶೆಡ್ಡಿನ ಮುಚ್ಚಿದ ಕಿಟಕಿಯೇ ಕಣ್ಣೆದುರು ನಿಂತಿತ್ತು.

ಡಾಕ್ಟರು ಕೊಟ್ಟ ಪಂಪನ್ನು ಅಪ್ಪ ಎರಡು ತಿಂಗಳು ಮುಟ್ಟಲಿಲ್ಲ. "ಪಂಪ ಹಚ್ಚಿದ್ರ ಮುಗೀತು, ಚಟಾ ಬೀಳತೈತಿ" ಎಂದು ಕಟ್ಟೆಯ ಗೆಳೆಯರು ಹೆದರಿಸಿದ್ದರು. ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿಗೆ ಹೋಗಿ ದಮ್ಮಿಗೆಂದು ಕೊಡುವ ಮೀನು ನುಂಗಿ ಬಾ ಎಂದವರೂ ಇದ್ದರು. ಅಪ್ಪ ನೆಚ್ಚಿಕೊಂಡದ್ದು ಗುಳಿಗೆಯನ್ನು. ಪಂಪಿನಲ್ಲಿರುವ ಅದೇ ಔಷಧದ ಗುಳಿಗೆ 2 ಅಥವಾ 4 ಮಿಲಿಗ್ರಾಂ ಇರುತ್ತದೆ, ಹೊಟ್ಟೆಗೆ ಹೋಗಿ ರಕ್ತಕ್ಕೆ ಕೂಡಿ ಮೈಯೆಲ್ಲ ಸುತ್ತುತ್ತದೆ, ಕೈ ನಡುಗಿಸುತ್ತದೆ. ಪಂಪಿನ ಒಂದು ಒತ್ತಿಗೆ ಬರುವುದು 100 ಮೈಕ್ರೋಗ್ರಾಂ, ಅಂದರೆ ಗುಳಿಗೆಯ ಇಪ್ಪತ್ತರಲ್ಲಿ ಅಥವಾ ನಲವತ್ತರಲ್ಲಿ ಒಂದು ಪಾಲು, ಅದೂ ನೇರ ಎದೆಗೆ. ಈ ಲೆಕ್ಕವನ್ನು ಯಾರಾದರೂ ಮೊದಲ ದಿನವೇ ಬಿಡಿಸಿ ಹೇಳಿದ್ದರೆ ಅಪ್ಪ ಆ ಎರಡು ತಿಂಗಳ ರಾತ್ರಿಗಳನ್ನು ಗೋಡೆಗೊರಗಿ ಕೂತು ಕಳೆಯಬೇಕಿರಲಿಲ್ಲ. ದಮ್ಮಿನ ಬೇನೆ ಇದ್ದವರ ಮನೆಯವರಿಗೆಲ್ಲ ನಾನು ಈಗ ಇದನ್ನು ಕೈ ಹಿಡಿದು ಹೇಳುತ್ತೇನೆ.

ಈ ಶಬ್ದದ ಇನ್ನೊಂದು ಬಳಕೆ ಬಾಕಿ ಇದೆ, ನನಗೆ ಎಲ್ಲಕ್ಕಿಂತ ಪ್ರೀತಿಯದು: 'ದಮ್ಮ ತಗೋ'. ಅಂದರೆ ಕೂಡು, ದಣಿವಾರಿಸಿಕೋ. ಹೊಲದಲ್ಲಿ, ಗಾಣದಲ್ಲಿ, ಹೊರೆ ಹೊತ್ತವರ ದಾರಿಯಲ್ಲಿ ಇದೊಂದು ಮಾತನ್ನು ಯಾರು ಯಾರಿಗೆ ಬೇಕಾದರೂ ಹೇಳಬಹುದು, ಚಿಕ್ಕವರು ದೊಡ್ಡವರಿಗೂ. ನೇಕಾರನ ಪಾಲಿಗೆ ಮಾತ್ರ ಅದು ತುಟ್ಟಿ. ಕೂಲಿ ನೇಯ್ದ ಸೀರೆಯ ಲೆಕ್ಕದ್ದು, ಮಗ್ಗ ನಿಲ್ಲಿಸಿ ದಮ್ಮ ತಗೊಂಡರೆ ಆ ಹೊತ್ತಿನ ಕೂಲಿ ಹೋಯಿತು. ಅಂಕಣದಲ್ಲಿ ಹುಡುಗನ ದಮ್ಮಿಗೆ ಸಿಳ್ಳೆ ಹೊಡೆದು ನೋಟು ಚುಚ್ಚುವ ಊರು, ಮಗ್ಗದ ಮುಂದೆ ದಿನಾಲೂ ಸೋರಿಹೋಗುವ ದಮ್ಮನ್ನು ಯಾಕೆ ಎಣಿಸಲಿಲ್ಲ ಎಂದು ನಾನು ಕೇಳುತ್ತಲೇ ಇರುತ್ತೇನೆ.

ಡಾಕ್ಟರು ಈಗ ಅಪ್ಪನಿಗೆ ನಡೆಯಲು ಹೇಳಿದ್ದಾರೆ. ವಾರಕ್ಕೆ 150 ನಿಮಿಷ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಲೆಕ್ಕ. ಅಪ್ಪನಿಗೆ ಅಷ್ಟೂ ಬೇಡ, ಆದಷ್ಟು ಸಾಕು, ನಡೆಯುವಾಗ ಮಾತಾಡಲು ಬರಬೇಕು, ಮಾತು ತುಂಡಾದರೆ ನಿಲ್ಲಬೇಕು ಎಂದು ತಾಕೀತು. ಬಿಸಿಲು ಇಳಿದ ಮೇಲೆ ರಾಮಪುರದ ರಸ್ತೆಗೆ ಇಬ್ಬರೂ ಹೊರಡುತ್ತೇವೆ. ಮೊದಮೊದಲು ನಾನೇ ಏನಾದರೂ ಕೇಳಿ ಮಾತಾಡಿಸುತ್ತಿದ್ದೆ. ಹೋದ ವಾರ ಅಪ್ಪ ಕೈ ಅಡ್ಡ ಮಾಡಿ ನನ್ನನ್ನು ಸುಮ್ಮನಿರಿಸಿದ. ಕರೆಂಟಿನ ಕಂಬದ ಹತ್ತಿರ ನಿಂತು, ಧೋತರ ಎತ್ತಿ ಕಟ್ಟಿ, ಒಮ್ಮೆ ಉಸಿರು ತಗೊಂಡ. ಆಮೇಲೆ ನಡೆಯತೊಡಗಿದ. ತುಟಿ ಅಲುಗುತ್ತಿತ್ತು. ಹತ್ತಿರ ಹೋದಾಗ ಕೇಳಿಸಿತು, ಸಣ್ಣ ದನಿಯಲ್ಲಿ, ತುಂಡಾಗದಂತೆ: "ಹುತುತು ತುತು ತುತು..." ಮುಂದಿನ ಕಂಬಕ್ಕೆ ಕೈ ಮುಟ್ಟಿಸಿ ನಿಂತ. ಎದೆ ಏರಿಳಿಯುತ್ತಿತ್ತು. ನನ್ನ ಕಡೆ ತಿರುಗಿ, "ಎಷ್ಟಾತು?" ಅಂದ. ನಾನು ಎಣಿಸಿರಲಿಲ್ಲ. "ಇನ್ನೊಮ್ಮೆ ಹೋಗೂಣ, ಜರಾ ದಮ್ಮ ತಗೋ ಯಪ್ಪಾ" ಅಂದು ಇಬ್ಬರೂ ಕಂಬದ ಬುಡದಲ್ಲಿ ಕೂತೆವು.