ಮದ್ದಿನ ಅಳತೆ

ಕೋವಿ ಹಿಡಿದವರ ಚರಿತ್ರೆಯನ್ನು ನಾವು ಶಾಲೆಯಲ್ಲಿ ಉರು ಹೊಡೆದಿದ್ದೇವೆ. ಕೋವಿಯೊಳಕ್ಕೆ ಎಷ್ಟು ಮದ್ದು ಹಾಕಬೇಕು ಅನ್ನೋದನ್ನು ಯಾವ ಮೇಷ್ಟ್ರೂ ಹೇಳಲಿಲ್ಲ. ನಮ್ಮ ಕಂದಿಕೆರೆ ಕಡೆ ತೆಂಗಿನ ತೋಟದಲ್ಲಿ ಹಂದಿ ಕಾಯುತ್ತಿದ್ದ ಆಳಿಗೆ ಅದು ಗೊತ್ತಿತ್ತು. ಕೋವಿ ಧಣಿಯದು, ಲೈಸೆನ್ಸೂ ಧಣಿಯದೇ. ಬಿದಿರ ಗೆಣ್ಣು ಕೊಯ್ದು ಮಾಡಿದ ಅಳತೆ ಮಾತ್ರ ಇವನದು. ಮದ್ದು ಕಮ್ಮಿಯಾದರೆ ಗುಂಡು ಹತ್ತಿರದಲ್ಲೇ ಬೀಳುತ್ತೆ. ಹೆಚ್ಚಾದರೆ ನಳಿಗೆಯೇ ಸಿಡಿಯುತ್ತೆ. ಆಗ ಹೋಗೋದು ಆಳಿನ ಕೈ.

ಮದ್ದು ಅಂದರೆ ಇದ್ದಿಲು, ಗಂಧಕ, ಪೆಟ್ಲುಪ್ಪು. ಮುಕ್ಕಾಲು ಪಾಲು ಪೆಟ್ಲುಪ್ಪೇ. ಅದು ಹುಟ್ಟೋದು ದನದ ಗಂಜಲ ಇಂಗಿದ ಕೊಟ್ಟಿಗೆ ಮಣ್ಣಲ್ಲಿ, ಹಾಳುಗೋಡೆಯ ಬುಡದಲ್ಲಿ. ಆ ಮಣ್ಣು ಕೆರೆದು, ನೆನೆಸಿ, ಸೋಸಿ, ಕಾಯಿಸಿ ಉಪ್ಪು ತೆಗೆದವರು ಉಪ್ಪಾರರಂಥ ದುಡಿಯುವ ಜನ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನಮನೆಗಳು ಇನ್ನೂ ಇವೆ. ಒಂದನ್ನು 2017ರಲ್ಲಿ ರೈಲುದಾರಿಗಾಗಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ಮಣ್ಣು ಹೊತ್ತವರ ಹೆಸರಿಗೆ ಈ ಜತನ ಯಾವತ್ತೂ ಇರಲಿಲ್ಲ ಬಿಡಿ.

ಕಾಳಗದಲ್ಲಿ ಅಳೆಯುತ್ತ ಕೂರಲು ಹೊತ್ತೆಲ್ಲಿ? ಅದಕ್ಕೇ ಮೊದಲೇ ಅಳೆದ ಮದ್ದನ್ನೂ ಗುಂಡನ್ನೂ ಕಾಗದದಲ್ಲಿ ಸುತ್ತಿಟ್ಟರು. ಇದೇ ತೋಟಾ. ಸಿಪಾಯಿ ಅದನ್ನು ಹಲ್ಲಲ್ಲಿ ಕಚ್ಚಿ ಹರಿದು, ಚಿಟಿಕೆಯಷ್ಟನ್ನು ಚಕಮಕಿಯ ಬಟ್ಟಲಿಗೂ ಉಳಿದದ್ದನ್ನು ನಳಿಗೆಗೂ ಸುರಿದು, ಗುಂಡು ತಳ್ಳಿ, ಗಜದಿಂದ ಜಡಿಯಬೇಕು. 1818ರ ಜನವರಿ 1ರಂದು ಭೀಮಾ ನದಿಯ ದಡದ ಕೋರೆಗಾಂವದಲ್ಲಿ ಪೇಶ್ವೆಯ ದಂಡಿನೆದುರು ಕಂಪನಿಯ ಮಹಾರ್ ಸಿಪಾಯಿಗಳು ಕಚ್ಚಿದ್ದು ಇಂಥ ತೋಟಾಗಳನ್ನೇ. ಊರ ಬಾವಿಯ ನೀರು ಸಿಕ್ಕದ ಬಾಯಿ ಅದು. ಅಲ್ಲಿನ ಕಂಬದ ಮೇಲೆ ಸತ್ತ 22 ಮಹಾರರ ಹೆಸರುಗಳಿವೆ. 1927ರಲ್ಲಿ ಅಂಬೇಡ್ಕರ್ ಹೋಗಿ ನಿಂತದ್ದು ಅವುಗಳ ಮುಂದೆ. ಬ್ರಿಟಿಷರನ್ನು ಉದ್ಧಾರಕರು ಅಂತ ನಾವು ಹೊಗಳುವುದಿಲ್ಲ. 1890ರ ದಶಕದಲ್ಲಿ ಮಹಾರರ ಭರ್ತಿಯನ್ನು ನಿಲ್ಲಿಸಿದವರೂ ಅವರೇ.

1857ರ ಎನ್‌ಫೀಲ್ಡ್ ತೋಟಾದಲ್ಲಿ ಎರಡೂವರೆ ಡ್ರಾಮ್, ಅಂದರೆ ಸುಮಾರು 68 ಗ್ರೇನ್ ಮದ್ದು. ಗ್ರೇನ್ ಅಂದರೆ ಕಾಳು. 180 ಗ್ರೇನ್ ಸೇರಿದರೆ ಒಂದು ತೊಲ. ಆ ತೋಟಾಕ್ಕೆ ಹಚ್ಚಿದ ಕೊಬ್ಬಿನ ಗಲಾಟೆ ಎಲ್ಲರಿಗೂ ಗೊತ್ತು. ಜಾತಿ ಕೆಡೋ ಭಯ ಚರಿತ್ರೆ ಸೇರಿತು, ನಳಿಗೆ ಸಿಡಿಯೋ ಭಯ ಸೇರಲಿಲ್ಲ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಹೊಗೆಯಿಲ್ಲದ ಮದ್ದು ಮಾಡಿದ. ಕರಿಮದ್ದಿಗಿಂತ ಅದರ ಕಸುವು ಎಷ್ಟೋ ಪಾಲು ಹೆಚ್ಚು. ಹಳೇ ಬಿದಿರಳತೆಯಲ್ಲಿ ಅದನ್ನು ತುಂಬಿದರೆ ಕೋವಿಯೂ ಇಲ್ಲ, ಕೈಯೂ ಇಲ್ಲ. ಅದಕ್ಕೆ ತೂಕವೇ ಬೇಕು. ತಕ್ಕಡಿ ಕಾರ್ಖಾನೆಯಲ್ಲಿದೆ, ಹೊರಗೆ ಬರೋದು ಬಾಯಿ ಮುಚ್ಚಿದ ಹಿತ್ತಾಳೆ ತೋಟಾ.

ಆ ಆಳಿನ ಮನೆಯಲ್ಲಿ ಬಿದಿರಳತೆ ಇನ್ನೂ ಇದೆ. ಮೊಮ್ಮಗಳು ಅದರಲ್ಲಿ ಸಾಸಿವೆ ಅಳೀತಾಳೆ.