ಮರಳು ಸೀಮೆಯ ಬನ್ನಿ ಮರ



ವಿಜಯದಶಮಿಯಲ್ಲಿ ನಾವು ಪೂಜಿಸುವ ಬನ್ನಿ ಮರ ನಿಮಗೆಲ್ಲ ಪರಿಚಯವೇ. ಅದಕ್ಕೇ ರಾಜಸ್ಥಾನದ ಮಾರವಾಡ ಸೀಮೆಯಲ್ಲಿ ಖೇಜಡಿ ಅಂತಾರೆ. ನಮ್ಮಲ್ಲಿ ಊರಾಚೆ ಒಂದೋ ಎರಡೋ ಕಂಡರೆ ಹೆಚ್ಚು. ಅಲ್ಲಿ ಹಾಗಲ್ಲ, ಹೊಲ ಹೊಲದಲ್ಲೂ ಉಂಟು. ಜೋಧಪುರದ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು ೩೫೦ ಮಿಲಿಮೀಟರು. ನೆಲವೋ ಬರೀ ಉಸುಕು. ಅಂಥಲ್ಲಿ ಈ ಗಿಡ್ಡ ಮುಳ್ಳುಮರ ಉರಿಬೇಸಿಗೆಯಲ್ಲೇ ಹೊಸ ಚಿಗುರು ಬಿಟ್ಟು ಹಸಿರಾಗಿ ನಿಲ್ಲುತ್ತದೆ. ತಾಯಿಬೇರು ಬಹಳ ಆಳಕ್ಕೆ ಇಳಿಯುವುದರಿಂದ ಮೇಲ್ಮಣ್ಣಿನ ತೇವಕ್ಕೆ ಪೈರಿನ ಜೊತೆ ಜಗಳವಿಲ್ಲ.

ಇಷ್ಟು ಮರಗಳನ್ನು ನೆಟ್ಟವರು ಯಾರು ಅಂತೀರಾ? ನೆಟ್ಟದ್ದು ಕಡಿಮೆ. ಆಡು ಕುರಿಗಳು ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಹರಡಿದವು. ತಾನಾಗಿ ಹುಟ್ಟಿದ ಸಸಿಗೆ ನೇಗಿಲು ತಾಗದಂತೆ ರೈತ ಉಳಿಸಿಕೊಂಡ. ಸುಮ್ಮನೆ ಉಳಿಸಲಿಲ್ಲ. ಈ ಮರದ ಬುಡದಲ್ಲಿ ಸಜ್ಜೆ, ಹೆಸರು, ಮಡಕೆ ಕಾಳು ಬಯಲಿಗಿಂತ ಚೆನ್ನಾಗಿ ಬರುತ್ತವೆ. ಚಳಿಗಾಲದಲ್ಲಿ ರೆಂಬೆ ಸವರಿ ಒಣಗಿಸಿದ ಎಲೆಗೆ ಲೂಂಗ್ ಎಂದು ಹೆಸರು. ಅದು ದನಕರುಗಳ ಮೇವು. ಎಳೆಗಾಯಿ ಸಾಂಗರಿ, ಒಣಗಿಸಿಟ್ಟರೆ ವರ್ಷವಿಡೀ ಪಲ್ಯಕ್ಕಾಯಿತು.

೧೪೮೫ರಲ್ಲಿ ಗುರು ಜಂಭೇಶ್ವರರು ತಮ್ಮ ಅನುಯಾಯಿಗಳಿಗೆ ೨೯ ನಿಯಮಗಳನ್ನು ವಿಧಿಸಿದರು. ಹಸಿ ಮರ ಕಡಿಯಬಾರದೆಂಬುದು ಅವುಗಳಲ್ಲೊಂದು. ಇವರೇ ಬಿಷ್ಣೋಯಿಗಳು. ೧೭೩೦ರಲ್ಲಿ ಜೋಧಪುರದ ಮಹಾರಾಜ ಅಭಯಸಿಂಗನ ಅರಮನೆ ಕೆಲಸಕ್ಕೆ ಸುಣ್ಣ ಸುಡಲು ಸೌದೆ ಬೇಕಾಯಿತು. ಆಳುಗಳು ಕೊಡಲಿ ಹಿಡಿದು ಖೇಜಡಲಿ ಗ್ರಾಮಕ್ಕೆ ಬಂದರು. ಅಮೃತಾದೇವಿ ಎಂಬ ಹೆಣ್ಣುಮಗಳು ಮರವನ್ನು ತಬ್ಬಿ ನಿಂತು ಪ್ರಾಣ ಬಿಟ್ಟಳು. ಅವಳ ಮೂವರು ಹೆಣ್ಣುಮಕ್ಕಳೂ ಹಾಗೇ ಹೋದರು. ಸುತ್ತಲ ಹಳ್ಳಿಗಳವರೂ ಬಂದು ಸೇರಿ, ಒಟ್ಟು ೩೬೩ ಜನ ಸತ್ತರೆಂದು ಅಲ್ಲಿಯವರ ಲೆಕ್ಕ. ಆಮೇಲೆ ಮಹಾರಾಜ ಕಡಿತ ನಿಲ್ಲಿಸಿ, ಬಿಷ್ಣೋಯಿ ಹಳ್ಳಿಗಳ ಮರ ಮುಟ್ಟಕೂಡದೆಂದು ಆಜ್ಞೆ ಮಾಡಿದ.

ಈ ಕಥೆಯನ್ನು ಹೇಳುವವರು ಧರ್ಮದ ಮಾತಿಗೇ ನಿಲ್ಲುತ್ತಾರೆ. ಒಕ್ಕಲುತನದ ಲೆಕ್ಕವೂ ಅದರಲ್ಲಿದೆ ನೋಡಿ. ೧೮೬೮-೬೯ರ ರಾಜಪುತಾನಾ ಬರದಲ್ಲಿ ಈ ಮರದ ತೊಗಟೆಯನ್ನು ಹಿಟ್ಟು ಮಾಡಿ ತಿಂದು ಎಷ್ಟೋ ಜನ ಬದುಕಿಕೊಂಡರು. ಮಳೆ ಕೈಕೊಟ್ಟ ವರ್ಷ ಹೊಲದಲ್ಲಿ ಉಳಿಯುವುದು ಅದೊಂದೇ.

ಮುಂದೆ ದೊರೆಗಳಿಗೆ ಬೇಗ ಬೆಳೆಯುವ ಮರದ ಮೇಲೆ ಮನಸ್ಸಾಯಿತು. ಹೊರನಾಡಿನಿಂದ ತರಿಸಿದ ಜಾಲಿಯನ್ನು, ಅದೇ ನಮ್ಮ ಬಳ್ಳಾರಿ ಜಾಲಿ, ೧೯೪೦ರಲ್ಲಿ ಜೋಧಪುರ ಸಂಸ್ಥಾನ ರಾಜಮರ್ಯಾದೆಯ ಗಿಡವೆಂದು ಸಾರಿತು. ಅದು ಈಗ ಗೋಮಾಳ ನುಂಗುತ್ತಿರುವ ಪರಿ ನಿಮಗೇ ಗೊತ್ತು. ಜೋಧಪುರದಲ್ಲಿ ೧೯೫೨ರಲ್ಲಿ ಮರಳುಗಾಡಿನ ಅರಣ್ಯೀಕರಣಕ್ಕೆಂದು ಒಂದು ಕೇಂದ್ರ ತೆರೆದರು. ೧೯೫೯ರಲ್ಲಿ ಅದೇ ಕೇಂದ್ರೀಯ ಒಣಪ್ರದೇಶ ಸಂಶೋಧನಾ ಸಂಸ್ಥೆಯಾಯಿತು. ೧೯೮೩ರಲ್ಲಿ ಖೇಜಡಿ ರಾಜಸ್ಥಾನದ ರಾಜ್ಯವೃಕ್ಷವಾಯಿತು.

ಗೌರವ ಸಿಕ್ಕಿತು, ಮರ ಮಾತ್ರ ಕಡಿಮೆಯಾಗುತ್ತಾ ಬಂತು. ಎತ್ತಿನ ನೇಗಿಲು ಸಸಿ ಕಂಡಲ್ಲಿ ಬಳಸಿ ಹೋಗುತ್ತಿತ್ತು. ಟ್ರಾಕ್ಟರು ಬುಡಸಮೇತ ಕಿತ್ತುಹಾಕುತ್ತದೆ. ಅಂತರ್ಜಲ ಇಳಿಯಿತು. ಬೇರು ಕೊರೆಯುವ ಹುಳು, ಬೇರು ಕೊಳೆಸುವ ಅಣಬೆ ರೋಗ ದೊಡ್ಡ ಮರಗಳನ್ನೂ ಒಣಗಿಸುತ್ತಿವೆ. ವರ್ಷ ವರ್ಷವೂ ಬೋಳಿಸಿದ ಮರಕ್ಕೆ ತಡೆಯುವ ಶಕ್ತಿ ಎಲ್ಲಿಂದ ಬರಬೇಕು?

ನಮ್ಮ ಬಯಲುಸೀಮೆಯಲ್ಲಿ ಬೆಳೆಸುವವರಿಗೆ ಹೇಳ್ತೇನೆ. ಬೀಜದ ಸಿಪ್ಪೆ ಗಟ್ಟಿ; ಬಿಸಿನೀರಿಗೆ ಹಾಕಿ ಒಂದು ದಿನ ನೆನೆಸಿ, ಉದ್ದನೆಯ ಚೀಲದಲ್ಲಿ ಬಿತ್ತಿ. ಮುಂಗಾರು ಹಿಡಿದಾಗ ನಾಟಿ ಮಾಡಿ, ಮಳೆನೀರು ನಿಲ್ಲುವಂತೆ ಸುತ್ತ ತಟ್ಟೆಯ ಹಾಗೆ ಪಾತಿ ಕಟ್ಟಿ. ಆಡು ಬಾಯಿ ಹಾಕದಂತೆ ಮುಳ್ಳುಬೇಲಿ ಬೇಕೇ ಬೇಕು. ಸಾಂಗರಿಯೇ ಬೇಕೆನ್ನುವವರಿಗೆ ಬಿಕಾನೇರಿನ ತೋಟಗಾರಿಕಾ ಸಂಸ್ಥೆ ‘ಥಾರ್ ಶೋಭಾ’ ಎಂಬ ಕಣ್ಣುಕಸಿಯ ತಳಿ ಕೊಟ್ಟಿದೆ. ಎಳೆಯ ಮರದ ರೆಂಬೆ ಸವರಬೇಡಿ. ಬಲಿತ ಮೇಲೂ ತುದಿ ಉಳಿಸಿ ಸವರಿ. ತಾನಾಗಿ ಹುಟ್ಟಿದ ಸಸಿ ಇದ್ದರೆ, ಟ್ರಾಕ್ಟರು ಹೊಲಕ್ಕಿಳಿಯುವ ಮುಂಚೆ ಪಕ್ಕಕ್ಕೊಂದು ಗೂಟ ಹೊಡೆದು ಬಟ್ಟೆ ಕಟ್ಟಿಬಿಡಿ.